ಒಲೆಯ ಮುಂದೆ ಕಲಿತದ್ದು, ಪಂಕ್ತಿಯಲ್ಲಿ ಕಲಿತದ್ದು

ಅರಸೀಕೆರೆಗೆ ಸುಮಾರು 8 ಕಿ.ಮೀ. ದೂರದ ಹಾರನಹಳ್ಳಿಯಲ್ಲಿ ರಾತ್ರಿ ಊಟಕ್ಕೆ ಮುದ್ದೆ, ಬಸ್ಸಾರು. ಅಲ್ಲಿಂದ ಪಶ್ಚಿಮಕ್ಕೆ ಜಾವಗಲ್, ಹಳೇಬೀಡು ಹಾದು ಬೇಲೂರಿನ ಆಚೆ ಮಲೆನಾಡಿನ ಸೆರಗಿಗೆ ಹೋದರೆ ಅದೇ ಹೊತ್ತಿಗೆ ಅಕ್ಕಿ ಕಡುಬು ಬೇಯುತ್ತಿರುತ್ತದೆ. ಮಳೆಗಾಲವಾದರೆ ಜೊತೆಗೆ ಕಳಲೆಯ ಪಲ್ಯವೋ ಕೆಸುವಿನ ಸೊಪ್ಪಿನ ಪತ್ರೊಡೆಯೋ ಇರುತ್ತದೆ. ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ, ಒಂದೇ ಜಿಲ್ಲೆ, ಒಂದೇ ಭಾಷೆ. ಆದರೂ ಈ ಕಡೆಯ ಹೆಣ್ಣನ್ನು ಆ ಕಡೆಗೆ ಕೊಟ್ಟರೆ ಮೊದಲ ವರ್ಷ ಅವಳು ತವರಿಗೆ ಬಂದಾಗ ಹೇಳುವ ಮೊದಲ ದೂರು ಊಟದ್ದು. ‘ಎಷ್ಟು ತಿಂದರೂ ಹೊಟ್ಟೆ ತುಂಬಿದಂಗೆ ಆಗಲ್ಲ ಕಣವ್ವ’ ಎನ್ನುತ್ತಾಳೆ. ಆ ಕಡೆಯಿಂದ ಬಂದ ಸೊಸೆಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಹೊಟ್ಟೆ ತುಂಬಿತು ಎನ್ನುವ ಭಾವನೆಯೂ ಬೆಳೆದ ಮನೆಯ ಕೊಡುಗೆಯೇ? ನಾವು ಅಡುಗೆ ಮಾಡುವ ರೀತಿ, ತಿನ್ನುವ ರೀತಿ, ಬೇಡ ಎನ್ನುವ ರೀತಿಯಲ್ಲಿ ತಾಯಿ ತಂದೆ, ಅಜ್ಜಿ, ಅತ್ತೆಯರ ಪಾಲು ಎಷ್ಟು, ನೆಲದ ಪಾಲು ಎಷ್ಟು, ನಮ್ಮ ಸ್ವಂತದ್ದು ಎಷ್ಟು?

ಈ ಪ್ರಶ್ನೆಯನ್ನು ವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು ನೂರು ವರ್ಷದಿಂದ ಕೆದಕುತ್ತಿದ್ದಾರೆ. ಅವರು ಕಂಡದ್ದನ್ನು ನಮ್ಮ ಸೀಮೆಯ ಅಡುಗೆಮನೆಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಕೆಲಸ. ನನಗೆ ತೋರಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ನಮಗೆ ಕೊಡುವುದು ಇಷ್ಟದ ತಿನಿಸುಗಳ ಪಟ್ಟಿಯನ್ನಲ್ಲ. ಊಟ ಎಂದರೆ ಹೇಗಿರಬೇಕು, ಯಾರು ಮಾಡಬೇಕು, ಯಾರು ಬಡಿಸಬೇಕು, ಯಾರು ಕೊನೆಗೆ ಉಣ್ಣಬೇಕು, ಯಾರ ಜೊತೆ ಕೂರಬಹುದು ಎಂಬ ಕಟ್ಟನ್ನು ಅದು ಕೊಡುತ್ತದೆ. ರುಚಿ ಬದಲಾಗುತ್ತದೆ; ಈ ಕಟ್ಟು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಮನೆಗಿಂತ ಮೊದಲು ಮಳೆ. ಅರಸೀಕೆರೆಯಲ್ಲಿ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ ಒಳ್ಳೆಯ ವರ್ಷ. ಸಕಲೇಶಪುರದಲ್ಲಿ ಅದರ ಮೂರರಷ್ಟಾದರೂ ಬೀಳುತ್ತದೆ. ಹಾಗಾಗಿ ಇಲ್ಲಿ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು, ತೆಂಗು. ಅಲ್ಲಿ ಭತ್ತ, ಕಾಫಿ, ಮೆಣಸು. ರಾಗಿ ಬರಗಾಲದ ಆಸರೆ. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಮುಟ್ಟದ ಕಾಳು ಅದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಹೊರಗೆ ಬರುವಾಗ ಗಟ್ಟಿಯಾಗಿ ಉಳಿದಿದ್ದದ್ದು ರಾಗಿ. ಅಕ್ಕಿ ಉಳ್ಳವರ ಅನ್ನ, ರಾಗಿ ದುಡಿಯುವವರ ಹಿಟ್ಟು ಎಂಬ ಅಂತಸ್ತಿನ ಲೆಕ್ಕ ಕನಕದಾಸರ ಕಾಲಕ್ಕೇ ಎಷ್ಟು ಬಲವಾಗಿತ್ತು ಎಂಬುದಕ್ಕೆ ಆ ಕಾವ್ಯವೇ ಸಾಕ್ಷಿ. ಅಂದಮೇಲೆ ‘ನಮ್ಮನೆ ಊಟ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ಒಂದು ಪಾಲು ಮೋಡದ್ದು, ಒಂದು ಪಾಲು ಜಮೀನಿನ ಅಳತೆಯದು.

ಇನ್ನು ಮಗು. ನಾಲಿಗೆಯ ಪಾಠ ಹೊಟ್ಟೆಯೊಳಗೇ ಶುರುವಾಗುತ್ತದೆ ಎಂಬುದು ಈಗ ಖಚಿತವಾಗಿದೆ. ಫ್ರಾನ್ಸಿನಲ್ಲಿ ಸೋಂಪು ತಿಂದ ಬಸುರಿಯರಿಗೆ ಹುಟ್ಟಿದ ಮಕ್ಕಳು ಹುಟ್ಟಿದ ಕೂಡಲೇ ಸೋಂಪಿನ ವಾಸನೆಯ ಕಡೆ ಮುಖ ತಿರುಗಿಸಿದ್ದನ್ನು 2000ನೇ ಇಸವಿಯಲ್ಲಿ ಬೆನೊವಾ ಶಾಲ್ ಮತ್ತು ಸಂಗಡಿಗರು ದಾಖಲಿಸಿದರು. ಮರುವರ್ಷ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ ಮಾಡಿದ ಪ್ರಯೋಗದಲ್ಲಿ, ಗರ್ಭಿಣಿಯಾಗಿದ್ದಾಗ ಅಥವಾ ಎದೆಹಾಲು ಕೊಡುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಕ್ಯಾರೆಟ್ ಬೆರೆಸಿದ ಸರಿಯನ್ನು ಅಷ್ಟಾಗಿ ಮುಖ ಕಿವುಚದೆ ತಿಂದವು. ಬಾಣಂತಿಗೆ ಬೆಳ್ಳುಳ್ಳಿ, ಮೆಣಸು, ಸಬ್ಬಸಿಗೆ ಸೊಪ್ಪು ಹಾಕಿ ಸಾರು ಮಾಡಿಕೊಡುವ ಅಜ್ಜಿ ಹಾಲು ಹೆಚ್ಚಲಿ ಎಂದು ಕೊಡುತ್ತಾಳೆ. ಅದರ ಜೊತೆಗೇ ಮೊಮ್ಮಗುವಿಗೆ ಈ ಮನೆಯ ಸಾರಿನ ಪರಿಚಯವನ್ನೂ ಮಾಡಿಸುತ್ತಿರುತ್ತಾಳೆ.

ಆರು ತಿಂಗಳಾದ ಮೇಲೆ ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳುವಾದ ಪಂಚೆಯಲ್ಲಿ ಜಾಲಿಸಿದ ಹಿಟ್ಟು ಅದು. ಹಾಲು, ಬೆಲ್ಲ ಹಾಕಿ ಕಾಸುತ್ತಾರೆ. ನಮ್ಮ ಕಡೆ ನಾಲಿಗೆಗೆ ತಾಗುವ ಮೊದಲ ಗಟ್ಟಿ ಆಹಾರದಲ್ಲಿಯೇ ರಾಗಿಯ ಒಗರು ಇರುತ್ತದೆ. ಸಿಹಿ ಹುಟ್ಟಿನಿಂದಲೇ ಇಷ್ಟ, ಕಹಿ ಹುಟ್ಟಿನಿಂದಲೇ ಬೇಡ. ಒಗರು, ಹುಳಿ, ಖಾರಗಳನ್ನು ಕಲಿಯಬೇಕು. ಆ ಕಲಿಕೆ ಬೆದರಿಕೆಯಿಂದ ಆಗುವುದಿಲ್ಲ. ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಮಕ್ಕಳು ಮೆಣಸಿನಕಾಯಿಗೆ ಹೇಗೆ ಒಗ್ಗುತ್ತಾರೆಂದು ಪಾಲ್ ರೋಜಿನ್ ಮತ್ತು ಡೆಬೊರಾ ಶಿಲ್ಲರ್ ನೋಡಿದರು. 1980ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಯಾರೂ ಮಕ್ಕಳಿಗೆ ಖಾರ ತಿನ್ನು ಎಂದು ಒತ್ತಾಯಿಸುತ್ತಿರಲಿಲ್ಲ. ದೊಡ್ಡವರು ಖುಷಿಯಾಗಿ ತಿನ್ನುವುದನ್ನು ನೋಡಿ ನೋಡಿ ಐದಾರು ವರ್ಷದ ಹೊತ್ತಿಗೆ ಮಕ್ಕಳೇ ಕೈ ಚಾಚುತ್ತಿದ್ದರು. ನಮ್ಮಲ್ಲಿಯೂ ಹಾಗೆಯೇ. ಅಪ್ಪನ ತಟ್ಟೆಯ ಅಂಚಿನಲ್ಲಿದ್ದ ಹುಚ್ಚೆಳ್ಳು ಚಟ್ನಿಗೆ ಬೆರಳದ್ದಿ ನೆಕ್ಕಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೆ ಬೆರಳದ್ದುವ ಮಗುವನ್ನು ನೋಡದವರು ಯಾರು?

ಒತ್ತಾಯದ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಪ್ರೀತಿಯೆಂದರೆ ತುತ್ತು ತುರುಕುವುದು ಎಂದಾಗಿದೆ. ‘ಇನ್ನೊಂದೇ ಒಂದು ತುತ್ತು’, ‘ಗುಮ್ಮ ಬರ್ತಾನೆ’, ‘ತಟ್ಟೇಲಿ ಒಂದಗುಳು ಬಿಟ್ರೂ ನೋಡು’. ಈಗ ಚಂದಮಾಮನ ಜಾಗಕ್ಕೆ ಮೊಬೈಲು ಬಂದಿದೆ. ಮಗುವಿನ ಕಣ್ಣು ಪರದೆಯ ಮೇಲೆ, ಬಾಯಿ ತಾನಾಗಿ ತೆರೆಯುತ್ತದೆ, ಏನು ತಿಂದೆ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಅಮೆರಿಕದ ಲೀಆನ್ ಬರ್ಚ್ ಮತ್ತು ಅವರ ಜೊತೆಗಾರರು ಪುಟ್ಟ ಮಕ್ಕಳಿಗೆ ವಾರಗಟ್ಟಲೆ ಎರಡು ಬಗೆಯ ಸೂಪು ಕೊಟ್ಟರು. ಒಂದನ್ನು ಸುಮ್ಮನೆ ಇಟ್ಟರು, ಇನ್ನೊಂದನ್ನು ‘ಮುಗಿಸು, ಮುಗಿಸು’ ಎಂದು ಹೇಳಿ ಕೊಟ್ಟರು. 2006ರಲ್ಲಿ ಬಂದ ಫಲಿತಾಂಶ ಸರಳವಾಗಿತ್ತು: ಒತ್ತಾಯ ಮಾಡಿದ ಸೂಪನ್ನು ಮಕ್ಕಳು ಕಡಿಮೆ ಕುಡಿದರು, ಅದರ ಬಗ್ಗೆ ಹೆಚ್ಚು ಗೊಣಗಿದರು. ಹೊಸ ತರಕಾರಿಯನ್ನು ಎಂಟು ಹತ್ತು ಸಲ ಎದುರಿಗಿಟ್ಟ ಮೇಲೆ ಮಗು ಒಪ್ಪಿಕೊಳ್ಳುವುದುಂಟು ಎಂಬುದೂ ಅದೇ ಸಾಲಿನ ಅಧ್ಯಯನಗಳು ತಿಳಿಸಿದ್ದು. ನಾವು ಎರಡು ಸಲಕ್ಕೇ ‘ಇವನಿಗೆ ಹೀರೆಕಾಯಿ ಆಗಲ್ಲ’ ಎಂದು ಊರಿಗೆಲ್ಲ ಸಾರಿಬಿಡುತ್ತೇವೆ. ಹಾಗೆ ಸಾರಿದ್ದನ್ನು ಮಗುವೂ ನಂಬುತ್ತದೆ.

ಹಾಗಾದರೆ ಮಗುವನ್ನು ಅದರ ಪಾಡಿಗೆ ಬಿಟ್ಟರೆ ಸಾಕೆ? 1920ರ ದಶಕದಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಇದನ್ನೇ ಪರೀಕ್ಷಿಸಿದರು. ಆಗತಾನೇ ಎದೆಹಾಲು ಬಿಟ್ಟ ಹದಿನೈದು ಮಕ್ಕಳ ಮುಂದೆ ಮೂವತ್ತಕ್ಕೂ ಹೆಚ್ಚು ಬಗೆಯ ಸಾದಾ ಆಹಾರಗಳನ್ನಿಟ್ಟು, ಬೇಕಾದ್ದನ್ನು ತಾವೇ ಆರಿಸಿಕೊಳ್ಳಲು ಬಿಟ್ಟರು. ಮಕ್ಕಳು ದಿನಕ್ಕೊಂದು ಬಗೆಯಲ್ಲಿ ತಿಂದರೂ ಚೆನ್ನಾಗಿ ಬೆಳೆದರು. ಅದನ್ನು ಕೇಳಿದವರು ಮಗುವಿನ ದೇಹಕ್ಕೆ ಎಲ್ಲ ಗೊತ್ತು ಎಂದರು. ಡೇವಿಸ್ ಮಾತ್ರ ಗುಟ್ಟು ತಾನು ಮಾಡಿದ ಪಟ್ಟಿಯಲ್ಲಿದೆ ಎಂದು ಒಪ್ಪಿಕೊಂಡರು: ಅಲ್ಲಿ ಸಕ್ಕರೆಯಿರಲಿಲ್ಲ, ಮೈದಾ ಇರಲಿಲ್ಲ, ಡಬ್ಬಿಯ ತಿನಿಸು ಇರಲಿಲ್ಲ. ಏನು ತರಬೇಕು ಎಂಬುದು ಹಿರಿಯರ ಕೆಲಸ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಕೆಲಸ. ಸಂತೆಯ ಚೀಲದಲ್ಲಿ ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟಿನ ಸರ ನೇತಾಡುತ್ತಿದ್ದರೆ ಮಗುವನ್ನು ಬೈದು ಏನೂ ಪ್ರಯೋಜನವಿಲ್ಲ.

ಈಗ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿಗೆ ಬರುತ್ತೇನೆ. ಅದೇ ಪಾಲ್ ರೋಜಿನ್ 1991ರಲ್ಲಿ ತಂದೆ ತಾಯಿಯ ಇಷ್ಟಗಳನ್ನೂ ಬೆಳೆದ ಮಕ್ಕಳ ಇಷ್ಟಗಳನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಹೋಲಿಕೆ ಬಹಳ ಕಡಿಮೆ ಕಂಡಿತು. ಒಂದೇ ಸಂಸ್ಕೃತಿಯೊಳಗೆ ಅಮ್ಮನಿಗೆ ಹಾಗಲಕಾಯಿ ಇಷ್ಟ ಎಂಬುದರಿಂದ ಮಗನಿಗೆ ಇಷ್ಟವೋ ಇಲ್ಲವೋ ಎಂದು ಹೇಳಲು ಆಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ರೋಜಿನ್ ಇದನ್ನು ಕುಟುಂಬದ ಒಗಟು ಎಂದೇ ಕರೆದರು. ಇನ್ನೊಂದು ಕಡೆ, ಬ್ರಿಟನ್ನಿನಲ್ಲಿ ಎಂಟರಿಂದ ಹನ್ನೊಂದು ವರ್ಷದ ಅವಳಿಗಳ ಐದು ಸಾವಿರಕ್ಕೂ ಹೆಚ್ಚು ಜೋಡಿಗಳನ್ನು ಜೇನ್ ವಾರ್ಡಲ್ ತಂಡ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿತು. ಹೊಸ ತಿನಿಸನ್ನು ಕಂಡರೆ ಹಿಂಜರಿಯುವ ಗುಣದಲ್ಲಿ ಮಕ್ಕಳ ನಡುವೆ ಇರುವ ವ್ಯತ್ಯಾಸದ ಮುಕ್ಕಾಲಿಗೂ ಹೆಚ್ಚು ಪಾಲು ಹುಟ್ಟಿನಿಂದ ಬಂದದ್ದು ಎಂದು ಅದು ತೋರಿಸಿತು. ಒಂದೇ ಒಲೆಯ ಅಡುಗೆ ಉಂಡ ಅಣ್ಣ ಎಲ್ಲವನ್ನೂ ತಿನ್ನುತ್ತಾನೆ, ತಮ್ಮ ಮೂರು ತರಕಾರಿ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂಬುದಕ್ಕೆ ತಾಯಿಯನ್ನು ದೂರುವ ನೆಂಟರು ಈ ಸಂಗತಿಯನ್ನು ತಿಳಿದುಕೊಂಡರೆ ಒಳ್ಳೆಯದು.

ಈ ಮಾತನ್ನು ನಮ್ಮ ಹಳ್ಳಿಯ ಮನೆಗಳು ಯಾವಾಗಲೋ ತಿಳಿದುಕೊಂಡಿದ್ದವು. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಪಿತೃಪಕ್ಷದ ಎಡೆ ಇಡುವಾಗ ನೋಡಿ. ಗೋಡೆಗೆ ಒರಗಿಸಿದ ಹಿರಿಯರ ಫೋಟೊಗಳ ಮುಂದೆ ಬಾಳೆ ಎಲೆ ಹಾಸಿ ಒಬ್ಬೊಬ್ಬರಿಗೂ ಅವರವರಿಗೆ ಸೇರುತ್ತಿದ್ದುದನ್ನೇ ಬಡಿಸುತ್ತಾರೆ. ಅಜ್ಜನಿಗೆ ನಾಟಿಕೋಳಿ ಸಾರು, ಪಕ್ಕದಲ್ಲೊಂದು ಕಟ್ಟು ಬೀಡಿ. ಅಜ್ಜಿಗೆ ಎಲೆ ಅಡಿಕೆ, ಕಜ್ಜಾಯ. ಚಿಕ್ಕಪ್ಪನಿಗೆ ಬೋಂಡ. ಮಾಂಸ ಮಾಡದ ಮನೆಗಳಲ್ಲಿ ವಡೆ, ಪಾಯಸ, ಅವರಿಗೆ ಇಷ್ಟವಾಗಿದ್ದ ಪಲ್ಯ. ಒಂದೇ ಮನೆಯಲ್ಲಿ ಬಾಳಿದವರ ನಾಲಿಗೆಗಳು ಬೇರೆ ಬೇರೆ ಎಂಬುದು ಅಡುಗೆ ಮಾಡುವವಳಿಗೆ ಗೊತ್ತು. ಸತ್ತ ಮೇಲೂ ಅದನ್ನು ನೆನಪಿಟ್ಟುಕೊಂಡಿರುತ್ತಾಳೆ. ನಾನು ಗಮನಿಸಿದ ಮಟ್ಟಿಗೆ, ಎಷ್ಟೋ ಮನೆಗಳಲ್ಲಿ ಅಪ್ಪನಿಗೆ, ಅಜ್ಜನಿಗೆ ಏನು ಇಷ್ಟವಿತ್ತೆಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅಮ್ಮನಿಗೆ ಏನು ಇಷ್ಟವಿತ್ತು ಎಂದರೆ ತಡವರಿಸುತ್ತಾರೆ. ಎಲ್ಲರ ಇಷ್ಟ ಕೇಳಿ ಮಾಡಿದವಳ ಇಷ್ಟವನ್ನು ಯಾರೂ ಕೇಳಿರುವುದಿಲ್ಲ.

ಮನೆ ನಿಜವಾಗಿ ಕಲಿಸುವ ಕಟ್ಟು ಇಲ್ಲಿ ಕಾಣಿಸುತ್ತದೆ. ಮುದ್ದೆ ತೊಳಸುವುದನ್ನೇ ತೆಗೆದುಕೊಳ್ಳಿ. ಎಸರಿಟ್ಟು, ಅದಕ್ಕೆ ಒಂದು ಚಮಚ ಹಿಟ್ಟು ಕದಡಿ, ನೀರು ಅಂಬಲಿಯ ಹದಕ್ಕೆ ಬಂದು ಮರಳುವಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿಯಬೇಕು. ಆಗಲೇ ಕಲಕಬಾರದು. ಗುಡ್ಡೆಯ ನಡುವೆ ಕೋಲು ನೆಟ್ಟು ತೂತು ಮಾಡಿ, ಆ ತೂತಿನಿಂದ ಎಸರು ಉಕ್ಕಿ ಹಿಟ್ಟು ಒಳಗೂ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ಗಂಟಿಲ್ಲದಂತೆ ತೊಳಸಬೇಕು. ಭುಜದ ಕೆಲಸ ಅದು, ಬೆನ್ನಿನ ಕೆಲಸ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೂ ಬೆಂದಿಲ್ಲ. ಮತ್ತೆ ಒಲೆಗೇರಿಸಿ ಹಬೆಯಲ್ಲಿಟ್ಟು, ಸುಡುಸುಡುವಾಗಲೇ ನೀರು ಸವರಿದ ಹಲಗೆಯ ಮೇಲೆ ಕಟ್ಟಬೇಕು. ಇದನ್ನು ಯಾವ ಪುಸ್ತಕವೂ ಕಲಿಸಿಲ್ಲ. ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾಯಿ ‘ಈಗ ಹಾಕು, ಈಗ ಬಿಡು’ ಎಂದು ಕಲಿಸಿದ ವಿದ್ಯೆ. ಎಷ್ಟು ನೀರಿಗೆ ಎಷ್ಟು ಹಿಟ್ಟು ಎಂದು ಕೇಳಿದರೆ ‘ಕಣ್ಣಂದಾಜು’ ಎನ್ನುತ್ತಾಳೆ. ಆ ಅಂದಾಜು ಸುಳ್ಳಾಗುವುದಿಲ್ಲ.

ಇಷ್ಟು ತೋಳಿನ ಬಲ ಬೇಡುವ ಕೆಲಸವನ್ನು ಅದೇ ವಯಸ್ಸಿನ ಹುಡುಗನಿಗೆ ಯಾರೂ ಕಲಿಸುವುದಿಲ್ಲ. ಅವನಿಗೆ ಕಲಿಸುವುದು ತಿನ್ನುವುದನ್ನು: ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ಗಂಡಸರಿಗೆ ಅಡುಗೆ ಬರುವುದಿಲ್ಲ ಎನ್ನುವುದು ಸುಳ್ಳು. ಮದುವೆ ಮನೆಯ ಅಡುಗೆ ಭಟ್ಟರು ಗಂಡಸರು. ದೇವಸ್ಥಾನದ ಪಾಕಶಾಲೆಯಲ್ಲಿ ಗಂಡಸರು. ಉಡುಪಿ ಹೋಟೆಲಿನಲ್ಲಿ ಗಂಡಸರು, ಜಾತ್ರೆಯಲ್ಲಿ ಮರಿ ಕಡಿದು ಕೊಪ್ಪರಿಗೆಯಲ್ಲಿ ಸಾರು ಕುದಿಸುವವರೂ ಗಂಡಸರು. ಕೂಲಿ ಅಥವಾ ಗೌರವ ಸಿಗುವ ಕಡೆ ಅವರಿಗೆ ಅಡುಗೆ ಬರುತ್ತದೆ. ದಿನವೂ ಮಾಡಬೇಕಾದ, ಹೆಸರಿಲ್ಲದ ಅಡುಗೆ ಮಾತ್ರ ಬರುವುದಿಲ್ಲ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಅಂಕಿಗಳು ಇದನ್ನೇ ಹೇಳುತ್ತವೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಅಂಥ ಕೆಲಸ ಮಾಡಿದ ಗಂಡಸು 97 ನಿಮಿಷ. 2024ರಲ್ಲಿ ಅವು 289 ಮತ್ತು 88. ಹೆಂಗಸಿನ ಹೊರೆ ಹತ್ತು ನಿಮಿಷ ಇಳಿದಿದೆ, ಆದರೆ ಗಂಡಸಿನ ಪಾಲೂ ಅದರ ಜೊತೆಗೇ ಇಳಿದಿದೆ. ಕುಕ್ಕರು, ಮಿಕ್ಸಿ, ಗ್ಯಾಸು ಬಂದು ಒಳಕಲ್ಲು, ಬೀಸುವ ಕಲ್ಲು ಮೂಲೆ ಸೇರಿದವು. ಯಾರು ಮಾಡಬೇಕು ಎಂಬುದನ್ನು ಯಾವ ಯಂತ್ರವೂ ಬದಲಿಸಲಿಲ್ಲ.

ಬಡಿಸುವ ಸಾಲೂ ಹಾಗೆಯೇ. ಮೊದಲು ಗಂಡಸರು ಮತ್ತು ಬಂದವರು, ಆಮೇಲೆ ಮಕ್ಕಳು, ಕೊನೆಗೆ ಅಡುಗೆ ಮಾಡಿದವಳು. ಕಾಳು ಮೇಲಿನವರ ತಟ್ಟೆಗೆ ಹೋಗಿ ತಳದ ಸಾರು ಅವಳಿಗೆ. ಬೆಳಿಗ್ಗೆ ತಂಗಳ ಹಿಟ್ಟು ಮಜ್ಜಿಗೆ ಅವಳಿಗೆ. ಬೆಳೆಯುವ ಹುಡುಗಿ ಇದನ್ನು ದಿನವೂ ನೋಡುತ್ತಾಳೆ, ಯಾರೂ ಹೇಳಿಕೊಡದೆಯೇ ತನ್ನ ಪಾಲನ್ನು ತಾನೇ ಕಡಿಮೆ ಮಾಡಿಕೊಳ್ಳಲು ಕಲಿಯುತ್ತಾಳೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಇದೇ ಸೀಮೆಯ ಕಾದಂಬರಿ. ಬೇಜವಾಬ್ದಾರಿ ಗಂಡ, ಸಿಡುಕಿನ ಅತ್ತೆಯ ನಡುವೆ ನಂಜಮ್ಮ ಮಕ್ಕಳ ಹೊಟ್ಟೆ ತುಂಬಿಸಲು ಪಡುವ ಪಾಡನ್ನು ಓದಿದವರಿಗೆ, ಮನೆಯ ಊಟವೆಂಬುದು ಯಾರ ಮೈಯಿಂದ ಹೊರಟಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಯಾರ ಜೊತೆ ಉಣ್ಣಬಹುದು ಎಂಬ ಪಾಠ ಇನ್ನೂ ಆಳಕ್ಕಿಳಿದದ್ದು. ಮಡಿ, ಮೈಲಿಗೆ, ಎಂಜಲು, ಮುಸುರೆ: ಈ ಮಾತುಗಳು ಮಗುವಿನ ಕಿವಿಗೆ ಅಕ್ಷರ ಕಲಿಯುವ ಮೊದಲೇ ಬೀಳುತ್ತವೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಬೆಡಗಿನ, ಅಂದರೆ ಜಾತಿಯೊಳಗಿನ ಕುಲದ, ಕಟ್ಟುಪಾಡುಗಳು ದಾಖಲಾಗಿವೆ. ಬೆಡಗಿಗೆ ಯಾವ ಗಿಡದ, ಪ್ರಾಣಿಯ ಹೆಸರಿದೆಯೋ ಅದನ್ನು ಆ ಬೆಡಗಿನವರು ತಿನ್ನಬಾರದು, ಕಡಿಯಬಾರದು. ಇಂದಿಗೂ ‘ನಮ್ಮನೇಲಿ ಅದು ಆಗಿಬರಲ್ಲ’ ಎಂದು ಒಂದು ತರಕಾರಿಯನ್ನು ತಲೆಮಾರುಗಳಿಂದ ಬೆಳೆಯದ, ತಿನ್ನದ ಮನೆಗಳಿವೆ. ಕಾರಣ ಕೇಳಿದರೆ ಹಿಂದೆ ಯಾರಿಗೋ ಏನೋ ಆಯಿತಂತೆ ಎನ್ನುತ್ತಾರೆ. ಇಂಥವುಗಳಿಂದ ಯಾರಿಗೂ ನೋವಿಲ್ಲ. ಆದರೆ 2015ರಲ್ಲಿ ಕೋಲಾರ ಜಿಲ್ಲೆಯ ಶಾಲೆಯೊಂದರಲ್ಲಿ ದಲಿತ ಮಹಿಳೆ ಅಡುಗೆ ಮಾಡುತ್ತಾರೆಂದು ಮಕ್ಕಳನ್ನೇ ಬಿಡಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಮಕ್ಕಳಿಗೆ ಆ ಸಾರಿನ ರುಚಿ ಸೇರಲಿಲ್ಲವೆಂದಲ್ಲ. ನಾಲಿಗೆಯ ಮೇಲೆ ರುಚಿಗಿಂತ ಮೊದಲು ಮನೆಯವರು ಜಾತಿಯನ್ನು ಕೂರಿಸಿದ್ದರು.

ಅದಕ್ಕೆ ಎದುರಾಗಿ ಈ ನೆಲ ಬೇರೆ ಪಂಕ್ತಿಗಳನ್ನೂ ಕಟ್ಟಿದೆ. ಹಾರನಹಳ್ಳಿಯ ಕೋಡಿಮಠದಂಥ ವೀರಶೈವ ಮಠಗಳ ಹಿಂದೆ ಹನ್ನೆರಡನೆಯ ಶತಮಾನದ ಶರಣರ ದಾಸೋಹದ ಕಲ್ಪನೆಯಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಎಲ್ಲ ಜಾತಿಗಳಿಂದ ಬಂದ ಹತ್ತು ಸಾವಿರದಷ್ಟು ಮಕ್ಕಳು ಒಂದೇ ಒಲೆಯ ಮುದ್ದೆ, ಅನ್ನ ಉಂಡು ಓದುತ್ತಿದ್ದರು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾಗಿ ಮರುವರ್ಷ ಉಳಿದೆಡೆಗೆ ಬಂತು. 2004ರಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಬೇಕೆಂದೂ ಕೋರ್ಟು ಹೇಳಿತು. ಮನೆಯ ಪಾಠವನ್ನು ತಿದ್ದುವ ಶಕ್ತಿ ಯಾವುದಕ್ಕಾದರೂ ಇದ್ದರೆ ಅದು ಈ ಶಾಲೆಯ ಸಾಲಿಗೆ ಇದೆ ಎಂದು ನಾನು ನಂಬುತ್ತೇನೆ. ಶಾಲೆಯ ಊಟದಲ್ಲಿ ಮೊಟ್ಟೆ ಕೊಡುವ ವಿಚಾರದಲ್ಲಿ ಎದ್ದ ಗದ್ದಲವೂ ಇದೇ ಕಾರಣಕ್ಕೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಸಿಗುತ್ತದೆ; ಅದು ಸರಿಯಾದ ಏರ್ಪಾಡು. ತನ್ನ ಮನೆಯಲ್ಲಿಲ್ಲದ್ದು ಪಕ್ಕದ ತಟ್ಟೆಯಲ್ಲೂ ಇರಬಾರದು ಎನ್ನುವುದು ಮಾತ್ರ ಒಪ್ಪುವಂಥದ್ದಲ್ಲ.

ಮನೆಯ ಕಟ್ಟುಪಾಡೇ ಊರಿಗೆಲ್ಲ ಹೊಸ ತಿನಿಸಾದ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನ ಜಿಲ್ಲೆಯ ಹೆಬ್ಬಾರ್ ಅಯ್ಯಂಗಾರ್ ಮನೆತನಗಳವರು ಬೇಕರಿಗೆ ಇಳಿದರು. ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬೇಕರಿಯನ್ನು ಆ ಸಾಲಿನ ಮೊದಲನೆಯದು ಎನ್ನುತ್ತಾರೆ. ಇಂಗ್ಲಿಷರ ಬ್ರೆಡ್ಡು, ಕೇಕು. ಆದರೆ ಮೊಟ್ಟೆ ಮುಟ್ಟದ ಮನೆಯ ಕೈ. ಹಾಗೆ ಹುಟ್ಟಿದ್ದು ಈರುಳ್ಳಿ ಹಸಿಮೆಣಸಿನಕಾಯಿಯ ಖಾರ ಬನ್ನು, ಮೊಟ್ಟೆಯಿಲ್ಲದ ಕೇಕು, ಬೆಣ್ಣೆ ಬಿಸ್ಕತ್ತು. ಇವತ್ತು ಆ ಬನ್ನನ್ನು ಎಲ್ಲ ಜಾತಿಯವರೂ ಟೀಯಲ್ಲಿ ಅದ್ದಿ ತಿನ್ನುತ್ತಾರೆ.

ಪರಂಪರೆ ಎನ್ನುವಾಗ ಅದರ ವಯಸ್ಸನ್ನೂ ನೋಡಬೇಕು. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಕನ್ನಡದ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಟೊಮ್ಯಾಟೊ ಇರಲಿಲ್ಲ, ಇಂದು ಹಾಸನದ ಗುರುತೇ ಆಗಿರುವ ಆಲೂಗೆಡ್ಡೆಯೂ ಇರಲಿಲ್ಲ. ಎಲ್ಲವೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ‘ಅನಾದಿಯಿಂದ ಹೀಗೇ’ ಎಂದು ಅಜ್ಜಿ ಹೇಳುವ ಸಾರಿನಲ್ಲಿ ಅರ್ಧ ಸಾಮಾನು ಹೊಸಬರದ್ದು. ಈ ಹತ್ತು ಹನ್ನೆರಡು ವರ್ಷದಲ್ಲಿ ಇನ್ನೊಂದು ಬದಲಾವಣೆ ನಮ್ಮ ಕಣ್ಣೆದುರಿಗೇ ನಡೆದಿದೆ. 2013ರ ಜುಲೈಯಲ್ಲಿ ಪಡಿತರದಲ್ಲಿ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆ ಬಂತು. ಹಸಿದ ಮನೆಗಳಿಗೆ ಅದು ದೊಡ್ಡ ಆಸರೆಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೇ ರಾತ್ರಿಯ ಮುದ್ದೆ ಎಷ್ಟೋ ಮನೆಗಳಲ್ಲಿ ಅನ್ನವಾಯಿತು, ಬೆಳಗಿನ ರಾಗಿ ರೊಟ್ಟಿ ಚಿತ್ರಾನ್ನವಾಯಿತು. ಅತ್ತ ಮುದ್ದೆ ಬಿಟ್ಟ ಬೆಂಗಳೂರಿನವರು ವೈದ್ಯರು ಸಕ್ಕರೆ ಕಾಯಿಲೆ ಎಂದ ಮೇಲೆ ಅದೇ ರಾಗಿಯನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಒಂದೇ ಮನೆಯ ಒಲೆಯ ಮುಂದೆ ಬೆಳೆಯದವರ ಮಾತೇನು? ವಾರಾನ್ನ ಉಂಡು ಓದಿದ ಹುಡುಗರ ತಲೆಮಾರು ಇತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಆ ಬದುಕನ್ನು ಬರೆದಿದ್ದಾರೆ. ಹಾಸ್ಟೆಲಿನಲ್ಲಿ ಬೆಳೆದವರ ತಲೆಮಾರೂ ಇದೆ. ಇಂಥವರಲ್ಲಿ ಅನೇಕರು ಯಾವುದನ್ನೂ ಬೇಡ ಎನ್ನುವುದಿಲ್ಲ, ಬೇಗ ಬೇಗ ಉಣ್ಣುತ್ತಾರೆ. ಹಸಿವು ಅವರನ್ನು ಸಾಕಿದ ಇನ್ನೊಂದು ಮನೆ. ಪರದೇಶಕ್ಕೆ ಹೋದವರ ಬಗ್ಗೆ ಕೃಷ್ಣೇಂದು ರೇ ಅವರ 2004ರ ಪುಸ್ತಕ ಅಮೆರಿಕದ ಬಂಗಾಳಿ ಮನೆಗಳನ್ನು ನೋಡಿ ಹೇಳಿದ್ದು ಕನ್ನಡದ ಮನೆಗಳಿಗೂ ಹೊಂದುತ್ತದೆ: ಮೊದಲು ಬದಲಾಗುವುದು ಬೆಳಗಿನ ತಿಂಡಿ, ಕೊನೆಯವರೆಗೆ ಉಳಿಯುವುದು ರಾತ್ರಿಯ ಊಟ. ಬೆಳಿಗ್ಗೆ ಎಲ್ಲರಿಗೂ ಅವಸರ. ರಾತ್ರಿ ಮನೆಯವರೆಲ್ಲ ಕೂತು ಉಣ್ಣುವ ಹೊತ್ತು. ಜೊತೆಗೆ ಕೂರುವ ಊಟ ಯಾವುದೋ ಅದರಲ್ಲಿ ಮನೆ ಉಳಿಯುತ್ತದೆ.

ಅರಸೀಕೆರೆ ಕಡೆಯ ಮನೆಗಳಲ್ಲಿ ಒಂದು ವಿಷಯ ನನಗೆ ನಿಜವಾಗಿಯೂ ಸಂಕಟ ತರುತ್ತದೆ. ಮಳೆ ಬಿದ್ದ ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ಏಳುವ ಅಣ್ಣೆ ಸೊಪ್ಪು, ಹೊನಗೊನೆ, ಗಣಿಕೆ, ಕಿರಕಸಾಲೆಗಳನ್ನು ಗುರುತಿಸಿ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುವ ವಿದ್ಯೆ ಈಗ ಅರವತ್ತು ದಾಟಿದವರ ಕೈಯಲ್ಲಿ ಉಳಿದಿದೆ. ಕಳೆನಾಶಕ ಹೊಡೆದು ಬದುಗಳೂ ಬೋಳಾದವು. ಯಾವ ಸೊಪ್ಪನ್ನು ಎಷ್ಟು ಬೆರೆಸಿದರೆ ಕಹಿ ಹೊಡೆಯುವುದಿಲ್ಲ, ಯಾವುದನ್ನು ಬಸಿದು ನೀರು ಚೆಲ್ಲಬೇಕು, ಯಾವುದರ ಬಸಿದ ನೀರೇ ಸಾರಿಗೆ ಜೀವ ಎಂಬುದು ಹೊಲದಲ್ಲಿ ಅಜ್ಜಿಯ ಹಿಂದೆ ನಡೆದು ಕಲಿಯಬೇಕಾದದ್ದು. ವಿಡಿಯೊ ನೋಡಿ ಕಲಿಯುವಂಥದ್ದಲ್ಲ. ಇದನ್ನು ಮನೆ ಕಲಿಸದಿದ್ದರೆ ಬೇರೆ ಯಾರೂ ಕಲಿಸುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಎರಡು. ಈ ಮುಂಗಾರಿನಲ್ಲಿ ಮನೆಯ ಹಿರಿಯ ಹೆಂಗಸಿನ ಜೊತೆ ಮಕ್ಕಳನ್ನು ಹೊಲಕ್ಕೆ ಕಳಿಸಿ. ಸೊಪ್ಪುಗಳ ಹೆಸರನ್ನು ಬರೆದಿಟ್ಟುಕೊಳ್ಳಲಿ. ಮನೆಯಲ್ಲಿ ಹತ್ತು ವರ್ಷ ತುಂಬಿದ ಗಂಡುಮಗುವಿದ್ದರೆ ಅವನ ಕೈಗೆ ಕೋಲು ಕೊಟ್ಟು ಹಿಟ್ಟು ತೊಳಸುವುದನ್ನು ಕಲಿಸಿ, ಆ ದಿನದ ಊಟಕ್ಕೆ ಅವನ ತಾಯಿಯನ್ನು ಎಲ್ಲರ ಜೊತೆ ಕೂರಿಸಿ ಅವನೇ ಬಡಿಸಲಿ. ಬಡಿಸುವ ಮುಂಚೆ, ಅಮ್ಮನಿಗೆ ಏನು ಇಷ್ಟ ಎಂದು ಅವನು ಕೇಳಲಿ.